ಆಯ್ಕೆಯಾಗದವರ ಆಟ

ಅಫಜಲಪುರ ತಾಲೂಕಿನ ಹವಳಗಾ ಇಂದು ಹೊರಗಿನವರಿಗೆ ಪರಿಚಯವಾಗಿರುವುದು ಬಹುಮಟ್ಟಿಗೆ ಅಲ್ಲಿನ ಸಕ್ಕರೆ ಕಾರ್ಖಾನೆಯಿಂದ. ಕಬ್ಬಿನ ಹಂಗಾಮು ಬಂತೆಂದರೆ ಆ ಭಾಗದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು. ಹಂಗಾಮು ಮುಗಿಯಿತೆಂದರೆ ಕಟ್ಟೆಗಳ ಮೇಲೆ ಕೆಲಸವಿಲ್ಲದ ತರುಣರ ಸಾಲು. ಅಂಥ ಊರುಗಳ ಹರೆಯದ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ, ‘ನೀನೇಕೆ ನಾಟಕದಲ್ಲಿ ಪಾತ್ರ ಮಾಡಬಾರದು? ಓಟಕ್ಕೇಕೆ ನಿಲ್ಲಬಾರದು?’ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ನಮಗೆಲ್ಲಿ ಬರ್ತದ್ರೀ!’

ಈ ಮಾತನ್ನು ನಾವು ಸಂಕೋಚವೆಂದು, ಕೆಲವೊಮ್ಮೆ ಸೋಮಾರಿತನವೆಂದು ತಿಳಿದು ಮುಂದೆ ಸಾಗುತ್ತೇವೆ. ಆದರೆ ಇದು ಹುಟ್ಟಿನಿಂದ ಬಂದ ಮಾತಲ್ಲ, ಕಲಿಸಿದ ಮಾತು. ಮೂರು ವರ್ಷದ ಕೂಸು ತನಗೆ ಕುಣಿಯಲು ಬರುವುದಿಲ್ಲವೆಂದು ಹೇಳುವುದಿಲ್ಲ. ಹದಿನೈದು ವರ್ಷಕ್ಕೆ ಅದು ಹಾಗೆ ಹೇಳುತ್ತದೆ ಎಂದರೆ, ನಡುವಿನ ಹನ್ನೆರಡು ವರ್ಷಗಳಲ್ಲಿ ಯಾರೋ ಅದನ್ನು ಹಲವು ಸಲ ಸಾಲಿನಿಂದ ಆಚೆಗೆ ಸರಿಸಿದ್ದಾರೆ ಎಂದೇ ಅರ್ಥ. ಯುವಜನರಿಗಾಗಿ ನಡೆಯುವ ಕ್ರೀಡೆ ಮತ್ತು ಕಲೆಯ ಯೋಜನೆಗಳನ್ನು ಅಳೆಯುವಾಗ ನಾವು ಗೆದ್ದ ಪದಕಗಳನ್ನು ಎಣಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಎಣಿಸಬೇಕಾದದ್ದು ಬೇರೆ. ಯೋಜನೆ ಮುಗಿದ ಮೇಲೆ ಆ ಊರಿನಲ್ಲಿ ‘ನಮಗೆಲ್ಲಿ ಬರುತ್ತದೆ’ ಎನ್ನುವವರ ಸಂಖ್ಯೆ ಕಡಿಮೆಯಾಯಿತೇ ಎಂಬುದೇ ಸರಿಯಾದ ಅಳತೆ.

ನಮ್ಮ ನೆಲದ ರೂಢಿ

ಕಲೆಗಾಗಲಿ ಕಸುವಿಗಾಗಲಿ ಭೀಮಾ ತೀರದಲ್ಲಿ ಬರವಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಹುಟ್ಟಿದ ಸೀಮೆ ಇದು. ಮೊಹರಮ್ಮಿನ ಹೆಜ್ಜೆ ಮೇಳ, ಭಜನೆ, ಬಯಲಾಟ, ಕುಸ್ತಿ, ಜಾತ್ರೆಯಲ್ಲಿ ಗುಂಡು ಎತ್ತುವ ಪಂದ್ಯ ಇವೆಲ್ಲ ಇಲ್ಲಿನ ಜನಜೀವನದ ಭಾಗವೇ. ಜಾತ್ರೆ ಹತ್ತಿರ ಬಂದರೆ ತರುಣರು ಪಟ್ಟಿ ಎತ್ತಿ ಹಣ ಕೂಡಿಸಿ, ಪೇಟಿ ಮಾಸ್ತರರನ್ನು ಕರೆಸಿ, ರಾತ್ರಿಗಳಲ್ಲಿ ತಾಲೀಮು ನಡೆಸಿ ಸಾಮಾಜಿಕ ನಾಟಕವನ್ನು ಆಡುತ್ತಾರೆ. ಉತ್ತರ ಕರ್ನಾಟಕದ ಇಂಥ ಹವ್ಯಾಸಿಗಳಿಗಾಗಿಯೇ ಬರೆದರೆಂಬಂತೆ ಪಿ.ಬಿ. ಧುತ್ತರಗಿಯವರ ನಾಟಕಗಳು ಹಳ್ಳಿಹಳ್ಳಿಗಳಲ್ಲಿ ಆಡಲ್ಪಟ್ಟವು. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಚಲನಚಿತ್ರವೂ ಆಯಿತು.

ಈ ಜಾತ್ರೆಯ ನಾಟಕ ದೊಡ್ಡ ಶಾಲೆ. ಓದು ಅರ್ಧಕ್ಕೆ ಬಿಟ್ಟ ಹುಡುಗನೂ ಅಲ್ಲಿ ಪುಟಗಟ್ಟಲೆ ಮಾತುಗಳನ್ನು ಬಾಯಿಪಾಠ ಮಾಡುತ್ತಾನೆ. ಆದರೆ ಅದರ ಬಾಗಿಲು ಎಲ್ಲರಿಗೂ ತೆರೆದಿಲ್ಲ. ಹೆಚ್ಚಿನ ಕಡೆ ಪಾತ್ರ ಬೇಕಾದವನು ತನ್ನ ಪಾಲಿನ ಹಣ ಕೊಡಬೇಕು. ಕೊಡಲಾಗದವನು ಪರದೆ ಎಳೆಯುತ್ತಾನೆ. ಸ್ತ್ರೀಪಾತ್ರಗಳಿಗೆ ಪಟ್ಟಣದಿಂದ ವೃತ್ತಿ ನಟಿಯರು ಬರುತ್ತಾರೆ. ಊರಿನ ಹುಡುಗಿಯರು ಚಾಪೆ ಹಾಸಿಕೊಂಡು ನೋಡುತ್ತಾರೆ. ಅವರಲ್ಲಿ ಯಾರಿಗಾದರೂ ಆ ಪಾತ್ರ ತಾನು ಮಾಡಬಹುದೆಂದು ಅನ್ನಿಸಿದರೆ, ಆ ಆಸೆಯನ್ನು ಹೇಳಿಕೊಳ್ಳಲು ಊರಿನಲ್ಲಿ ಸ್ಥಳವೇ ಇಲ್ಲ.

ಸರ್ಕಾರದ ಮೇಳಗಳ ಬಾಗಿಲು ಇದಕ್ಕಿಂತ ಅಗಲ. ಯುವಜನ ಮೇಳದಲ್ಲಿ ಕೋಲಾಟ, ಗೀಗೀ ಪದ, ಬೀಸುವ ಪದ, ಸೋಬಾನೆ ಪದಗಳಿಗೂ ಸ್ಪರ್ಧೆಗಳಿವೆ. ಶಾಲೆಗಳಲ್ಲಿ ಪ್ರತಿಭಾ ಕಾರಂಜಿ ಇದೆ. ಉದ್ದೇಶ ಒಳ್ಳೆಯದು. ಆದರೆ ಇವೆಲ್ಲವೂ ಜರಡಿಯ ಕ್ರಮದಲ್ಲಿ ಕಟ್ಟಲ್ಪಟ್ಟಿವೆ. ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವರು ಮುಂದಕ್ಕೆ. ಹತ್ತು ತಂಡಗಳು ಬಂದರೆ ಒಂಬತ್ತು ತಂಡಗಳಿಗೆ ಆ ದಿನವೇ ಕೊನೆ. ಬೀಸುವ ಪದವನ್ನು ಸಹ ಸೋಲುವ ವಸ್ತುವನ್ನಾಗಿ ಮಾಡಿದ ಮೇಲೆ, ಸೋತು ಬಂದವರು ಮುಂದಿನ ವರ್ಷ ‘ನಮಗೆಲ್ಲಿ ಬರುತ್ತದೆ’ ಎಂದರೆ ಆಶ್ಚರ್ಯವೇನು?

ಒಂದು ಜನಾಂಗ, ಎರಡು ಯೋಜನೆಗಳು

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಕಾಣಬೇಕಾದರೆ ನಾವು ಭೀಮಾ ತೀರದಿಂದ ಉತ್ತರ ಕನ್ನಡದ ಕಾಡಿನಂಚಿಗೆ ಹೋಗಬೇಕು. ಅಲ್ಲಿ ಒಂದೇ ಜನಾಂಗದ ನಡುವೆ, ಒಂದೇ ದಶಕದಲ್ಲಿ, ಒಂದು ಕಲೆಯ ಯೋಜನೆಯೂ ಒಂದು ಕ್ರೀಡಾ ಯೋಜನೆಯೂ ನಡೆದವು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು. ಅವರಲ್ಲಿ ಬಹುಪಾಲು ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮ ಕಥೋಲಿಕ ಸಹೋದರ ಸಹೋದರಿಯರೂ ಇದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಅದಕ್ಕೂ ಮೊದಲು ಬಹುಕಾಲ ಅವರು ಪರರ ತೋಟ ಗದ್ದೆಗಳಲ್ಲಿ ದುಡಿದವರು.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ‘ವಿಶೇಷ ಪ್ರದೇಶ ಕ್ರೀಡೆ’ ಎಂಬ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕಳುಹಿಸಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ಹೊಣೆ ಕರ್ನಾಟಕದವರೇ ಆದ ಮಾರ್ಗರೆಟ್ ಆಳ್ವ ಅವರದಾಗಿತ್ತು. ಆಫ್ರಿಕ ಮೂಲದವರಾದ್ದರಿಂದ ಓಟದಲ್ಲಿ, ನೆಗೆತದಲ್ಲಿ ಇವರು ದೇಶಕ್ಕೆ ಒಲಿಂಪಿಕ್ ಪದಕ ತರಬಹುದೆಂಬುದು ಯೋಜನೆಯ ಹಿಂದಿನ ನಂಬಿಕೆ. ಮಕ್ಕಳು ಊರು ಬಿಟ್ಟು ಕ್ರೀಡಾ ವಸತಿನಿಲಯ ಸೇರಿದರು. ಹೊಟ್ಟೆ ತುಂಬ ಊಟ, ಕಾಲಿಗೆ ಬೂಟು, ಓಡಲು ಟ್ರ್ಯಾಕ್, ಕಲಿಸಲು ತರಬೇತುದಾರರು. ಕಮಲಾ ಬಾಬು ಸಿದ್ದಿ ಅವರು ಹರ್ಡಲ್ಸ್ ಓಟದಲ್ಲಿ ಹೆಸರು ಮಾಡಿದರು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿಯೂ ಸಿಕ್ಕಿತು. ಈ ಲಾಭವನ್ನು ಸಣ್ಣದೆನ್ನುವಂತಿಲ್ಲ. ಇದೇ ಯೋಜನೆಯಿಂದ ಬೆಳಕಿಗೆ ಬಂದ ರಾಜಸ್ಥಾನದ ಬುಡಕಟ್ಟಿನ ಬಿಲ್ಲುಗಾರ ಲಿಂಬಾ ರಾಮ್ ಮುಂದೆ ಒಲಿಂಪಿಕ್ಸ್‌ವರೆಗೆ ಹೋದರು.

ಆದರೆ 1993ರಲ್ಲಿ ಸಿದ್ದಿಗಳ ಪಾಲಿಗೆ ಈ ಯೋಜನೆ ನಿಂತುಹೋಯಿತು. ನೌಕರಿ ಹಿಡಿಯದ ಮಕ್ಕಳು ಊರಿಗೆ ಮರಳಿದರು. ಮರಳಿದ ಊರಿನಲ್ಲಿ ಟ್ರ್ಯಾಕ್ ಇರಲಿಲ್ಲ, ತರಬೇತುದಾರರಿರಲಿಲ್ಲ. ಊರು ಏನನ್ನೂ ಕಲಿತಿರಲಿಲ್ಲ, ಏಕೆಂದರೆ ಯೋಜನೆ ಊರಿಗೆ ಬಂದೇ ಇರಲಿಲ್ಲ. ಊರಿನಿಂದ ಕೆಲವರನ್ನು ಕರೆದೊಯ್ದಿತ್ತು ಅಷ್ಟೆ. ಯೋಜನೆ ನಿಂತದ್ದಕ್ಕಿಂತ ದೊಡ್ಡ ದೋಷ ಅದನ್ನು ಕಟ್ಟಿದ ರೀತಿಯಲ್ಲಿತ್ತು. ಮಕ್ಕಳನ್ನು ನೋಡಿದ ಕಣ್ಣು ಅವರ ಇಷ್ಟವನ್ನು ನೋಡುವ ಮೊದಲು ಅವರ ರಕ್ತವನ್ನು ನೋಡಿತು. ವೇಗವಾಗಿ ಓಡಲಾಗದ ಸಿದ್ದಿ ಬಾಲಕನಿಗೆ ಆ ಯೋಜನೆಯಲ್ಲಿ ಸ್ಥಾನವೇನು? ಎಲ್ಲರೂ ಅವಮಾನಿಸಿದ್ದ ಮೈಬಣ್ಣವನ್ನು ಯೋಜನೆ ಗೌರವಿಸಿತು, ನಿಜ. ಆದರೆ ಆ ಗೌರವ ಸ್ಟಾಪ್‌ವಾಚ್‌ಗೆ ಕಟ್ಟಿದ ಗೌರವವಾಗಿತ್ತು.

ಇದಕ್ಕೆ ಕೆಲವೇ ವರ್ಷ ಮೊದಲು ರಂಗಭೂಮಿಯವರು ಅದೇ ಜನರ ಬಳಿಗೆ ಬಂದಿದ್ದರು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಅಡಿಕೆ ಕೃಷಿಕರಾಗಿದ್ದ ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದಿತ್ತು. ಅನಂತರ ‘ಜನಸ್ಪಂದನ’ ಎಂಬ ಯೋಜನೆಯ ಮೂಲಕ ಅದು ಕರ್ನಾಟಕದ ಊರೂರುಗಳಲ್ಲಿ ರಂಗ ಶಿಬಿರಗಳನ್ನೂ ಚಲನಚಿತ್ರ ಶಿಬಿರಗಳನ್ನೂ ನಡೆಸಿತು. 1980ರ ದಶಕದ ನಡುವಿನಲ್ಲಿ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ನಟರನ್ನಾಗಿಸಿ ‘ಕಪ್ಪು ಜನರ ಕೆಂಪು ನೆರಳು’ ನಾಟಕವನ್ನು ಆಡಿಸಿದರು. ನೈಜೀರಿಯದ ಚಿನುವ ಅಚಿಬೆಯವರು 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯೇ ಇದರ ಆಧಾರ. ಪರದೇಶದ ಆಳ್ವಿಕೆಯೂ ಮಿಷನರಿಗಳೂ ಬಂದಾಗ ಒಂದು ಇಗ್ಬೊ ಹಳ್ಳಿ ಒಳಗಿನಿಂದ ಒಡೆದುಹೋಗುವ ಕಥೆ ಅದು. ಕ್ರೈಸ್ತ ಓದುಗರಾದ ನಾವೂ ಸಮಾಧಾನದಿಂದ ಎದುರಿಸಬೇಕಾದ ಕಥೆ.

ವಿಮರ್ಶಕನು ಇಲ್ಲಿಯೂ ಒಂದು ಅನುಮಾನವನ್ನು ಮುಚ್ಚಿಡಬಾರದು. ಸಿದ್ದಿಗಳಿಗೆ ಆಫ್ರಿಕದ ಕಥೆಯನ್ನೇ ಏಕೆ ಕೊಡಬೇಕು? ಅವರು ಕನ್ನಡ, ಕೊಂಕಣಿ ಮಾತಾಡುವ, ಈ ನೆಲದಲ್ಲೇ ತಲೆಮಾರುಗಳನ್ನು ಕಳೆದ ಜನ. ಅವರಿಂದ ಓಟವನ್ನು ನಿರೀಕ್ಷಿಸಿದ ಕಣ್ಣಿಗೂ ಆಫ್ರಿಕದ ಪಾತ್ರವನ್ನು ಕೊಟ್ಟ ಕಣ್ಣಿಗೂ ದೂರದ ನೆಂಟಸ್ತಿಕೆ ಇದೆ. ಎರಡೂ ಮೊದಲು ಕಂಡದ್ದು ಮೈಬಣ್ಣವನ್ನೇ.

ಆದರೂ ಎರಡರ ಪರಿಣಾಮ ಒಂದೇ ಆಗಲಿಲ್ಲ. ಓಟದಲ್ಲಿ ಮೊದಲು ಬರುವವನು ಒಬ್ಬನೇ. ನಾಟಕದಲ್ಲಿ ಮುದುಕಿಯೂ ಬೇಕು, ಮಗುವೂ ಬೇಕು, ಡಮಾಮಿ ಬಾರಿಸುವವನೂ ಬೇಕು, ಗುಂಪಿನಲ್ಲಿ ನಿಂತು ಒಂದೇ ಮಾತು ಆಡುವವನೂ ಬೇಕು. ತಾಲೀಮು ನಡೆದದ್ದು ಅವರದೇ ಸೀಮೆಯಲ್ಲಿ. ನೋಡಿದವರಲ್ಲಿ ನೆರೆಹೊರೆಯವರೂ ಇದ್ದರು. ನಿತ್ಯ ತಲೆ ತಗ್ಗಿಸಿ ನಿಲ್ಲುತ್ತಿದ್ದ ಕೂಲಿಯವನು ರಂಗದ ಮೇಲೆ ತಲೆಯೆತ್ತಿ ಮಾತಾಡಿದಾಗ, ಅದನ್ನು ಕೆಳಗೆ ಕುಳಿತು ಕೇಳಿದ ಮೇಲ್ಜಾತಿಯ ಕಿವಿಗೂ ಹೊಸ ಅನುಭವವೇ. ಮುಂದೆ ಸಿದ್ದಿ ತರುಣ ತರುಣಿಯರು ಹೆಗ್ಗೋಡಿಗೆ ಹೋಗಿ ರಂಗಶಿಕ್ಷಣ ಪಡೆದರು. ಗಿರಿಜಾ ಸಿದ್ದಿ ರಂಗನಟಿಯಾಗಿ, ಪ್ರಶಾಂತ್ ಸಿದ್ದಿ ಚಲನಚಿತ್ರ ನಟರಾಗಿ ನಾಡಿಗೆ ಪರಿಚಿತರಾದರು. ಅವರಿಗೆ ಕೊನೆಗೂ ಆಫ್ರಿಕದವರ ಪಾತ್ರಗಳೇ ಸಿಗಬೇಕೆಂದಿರಲಿಲ್ಲ. ಮೊದಲ ನಾಟಕದ ದೋಷವನ್ನು ಮುಂದಿನ ನಾಟಕಗಳು ತಿದ್ದಿದವು, ಏಕೆಂದರೆ ನೀನಾಸಮ್ ಕಣ್ಮರೆಯಾಗಲಿಲ್ಲ. ತಿದ್ದಿಕೊಳ್ಳುವಷ್ಟು ಕಾಲ ಉಳಿಯುವುದು ಸಹ ಒಂದು ಯೋಜನೆಯ ಗುಣ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅವರ ಸಂಸ್ಥೆಗೆ ನಾಲ್ಕು ದಶಕಗಳ ವಯಸ್ಸಾಗಿತ್ತು ಎಂಬುದನ್ನು ನೆನೆಯಬೇಕು.

ಕ್ರೀಡೆಯವರೂ ಈ ಪಾಠವನ್ನು ಕಲಿಯದೆ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ‘ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಮುಂಡಗೋಡದಲ್ಲೇ ನೆಲೆ ಮಾಡಿಕೊಂಡು ಸಿದ್ದಿ ಮಕ್ಕಳಿಗೂ ಇತರ ಮಕ್ಕಳಿಗೂ ಓಟದ ತರಬೇತಿ ಕೊಡುತ್ತಿದೆ.

ಮನೆತನದ ಹಾಕಿ

ಹಾಗಾದರೆ ಸ್ಪರ್ಧೆಯೇ ಬೇಡವೇ? ಹಾಗಲ್ಲ. ಸ್ಪರ್ಧೆಯಿದ್ದೂ ಎಲ್ಲರನ್ನು ಒಳಗೊಳ್ಳುವ ಕ್ರಮಕ್ಕೆ ಕೊಡಗಿನಲ್ಲಿ ಒಳ್ಳೆಯ ನಿದರ್ಶನವಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಮೊದಲ ವರ್ಷ 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನ ನಡೆಸಿದಾಗ 360 ತಂಡಗಳು. ಇಲ್ಲಿ ತಂಡ ಸೇರಲು ಬೇಕಾದದ್ದು ಮನೆತನದ ಹೆಸರು. ಆದ್ದರಿಂದ ದೇಶಕ್ಕೆ ಆಡಿದವನ ಪಕ್ಕದಲ್ಲಿ ಶಾಲೆಯ ಹುಡುಗ, ಅಜ್ಜನ ಪಕ್ಕದಲ್ಲಿ ಮೊಮ್ಮಗಳು ಕೋಲು ಹಿಡಿದು ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲೇ ಸೋಲುವುದು ಗೊತ್ತಿದ್ದರೂ ಮನೆತನಗಳು ಬರುತ್ತವೆ. ಪ್ರತಿ ವರ್ಷ ಬೇರೆ ಬೇರೆ ಮನೆತನ ಆತಿಥ್ಯ ವಹಿಸುವುದರಿಂದ ಹೊಣೆಯೂ ಹಂಚಿಹೋಗುತ್ತದೆ.

ಇದರ ಮಿತಿಯೂ ಸ್ಪಷ್ಟ. ಮನೆತನದ ಹೆಸರು ಒಳಗಿನವರಿಗೆ ಬಾಗಿಲು, ಹೊರಗಿನವರಿಗೆ ಗೋಡೆ. ನಮ್ಮ ಊರುಗಳಲ್ಲಿ ಇದನ್ನು ಹಾಗೆಯೇ ಅನುಸರಿಸಿದರೆ ಓಣಿ ಓಣಿಗಳ, ಜಾತಿ ಜಾತಿಗಳ ಪಂದ್ಯವಾದೀತು. ಕಲಿಯಬೇಕಾದದ್ದು ಅದರ ಒಂದು ತತ್ವವನ್ನು ಮಾತ್ರ: ಮೊದಲು ಸೇರಿಸಿಕೊಳ್ಳುವುದು, ಆಮೇಲೆ ಆಡಿಸುವುದು.

ನಮ್ಮ ಅಂಗಳಕ್ಕೆ

ಈಗ ನಮ್ಮ ಕಡೆಗೆ ಮರಳೋಣ. ಕಲಬುರಗಿಯಲ್ಲಿ ಇಂದು ರಂಗಾಯಣವಿದೆ. ಹಲವು ಊರುಗಳಲ್ಲಿ ಸಮುದಾಯ ಭವನಗಳಿವೆ. ಅವುಗಳಲ್ಲಿ ಎಷ್ಟೋ ಮದುವೆಯ ದಿನ ಬಿಟ್ಟರೆ ಉಳಿದ ದಿನ ಬೀಗ ಕಂಡಿರುತ್ತವೆ. ನಮ್ಮ ಧರ್ಮಕೇಂದ್ರಗಳಲ್ಲೂ ವಾರ್ಷಿಕ ಆಟೋಟಗಳು, ಕ್ರಿಸ್ಮಸ್ ಸಮಯದ ರೂಪಕಗಳು ನಡೆಯುತ್ತವೆ. ಇಲ್ಲಿಯೂ ಪ್ರತಿ ವರ್ಷ ಅದೇ ನಾಲ್ಕು ಮಕ್ಕಳಿಗೆ ಬಹುಮಾನ, ಅದೇ ಚೆಲುವಾದ ಮಗುವಿಗೆ ಮುಖ್ಯ ಪಾತ್ರ ಎಂಬುದನ್ನು ನಾವು ಬಲ್ಲೆವು. ಬಹುಮಾನ ಪಡೆದ ಮಗುವಿನ ತಂದೆತಾಯಿಯರ ಸಂತೋಷ ನಮಗೆ ಕಾಣುತ್ತದೆ. ಹಿಂದಿನ ಸಾಲಿನಿಂದ ಮೆಲ್ಲನೆ ಎದ್ದು ಮನೆಗೆ ಹೋದ ಮಗು ಕಾಣುವುದಿಲ್ಲ.

ಬದಲಾವಣೆಗೆ ದೊಡ್ಡ ಹಣ ಬೇಕಿಲ್ಲ, ಗಮನ ಬೇಕು. ಹುಡುಗಿಯರು ಬರಬೇಕಾದರೆ ತಾಲೀಮು ರಾತ್ರಿ ಹತ್ತಕ್ಕೆ ಆರಂಭವಾಗಬಾರದು. ಕತ್ತಲಾಗುವ ಮೊದಲು ಮುಗಿಯಬೇಕು, ಮನೆ ಮುಟ್ಟಿಸುವವರು ಇರಬೇಕು. ಕಬ್ಬು ಕಡಿಯಲು ಹೋಗುವ ಮನೆಯ ಮಕ್ಕಳು ಬರಬೇಕಾದರೆ ಮೇಳದ ದಿನಾಂಕ ಹಂಗಾಮನ್ನು ನೋಡಿ ನಿಶ್ಚಯವಾಗಬೇಕು. ಪಾತ್ರಕ್ಕೆ ಹಣ ಕೇಳುವ ರೂಢಿ ನಿಲ್ಲಬೇಕು. ಹೊರಗಿನಿಂದ ಬಂದ ನಿರ್ದೇಶಕ ಹೋದ ಮೇಲೆ ಕಲಿಸಬಲ್ಲ ಇಬ್ಬರಾದರೂ ಊರಿನಲ್ಲೇ ತಯಾರಾಗಬೇಕು. ಪೇಟಿ ಮಾಸ್ತರರು, ಹಳೆಯ ಕುಸ್ತಿಯವರು, ಸೋಬಾನೆ ಹಾಡುವ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ವೇದಿಕೆಯ ಮೇಲೆ ಶಾಲು ಹೊದಿಸಿ ಕಳುಹಿಸುವ ಬದಲು ಮಕ್ಕಳ ಎದುರು ಗುರುಗಳನ್ನಾಗಿ ಕೂರಿಸಬೇಕು.

ಇಷ್ಟರಿಂದ ಪದಕಗಳು ಬರುತ್ತವೆಯೇ? ಬರಬಹುದು, ಬರದೆಯೂ ಇರಬಹುದು. ಹತ್ತು ಜನರಲ್ಲಿ ಒಬ್ಬನನ್ನು ಆರಿಸುವುದು ಸುಲಭದ ಕೆಲಸ. ಉಳಿದ ಒಂಬತ್ತು ಜನ ಅಂಗಳದಲ್ಲೇ ಉಳಿಯುವಂತೆ ಮಾಡುವುದು ಕಷ್ಟದ್ದು. ಸಮುದಾಯ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿಯೇ. ಮುಂದಿನ ಸಲ ಯಾವ ಹುಡುಗಿಯಾದರೂ ‘ನಮಗೆಲ್ಲಿ ಬರ್ತದ್ರೀ’ ಎಂದಾಗ, ಬರುವುದಿಲ್ಲವೆಂದು ಅವಳಿಗೆ ಹೇಳಿದವರು ಯಾರು ಎಂದು ನಾವು ನಮ್ಮನ್ನೇ ಮೊದಲು ಕೇಳಿಕೊಳ್ಳೋಣ. ಆಮೇಲೆ ಅವಳಿಗೆ ಹೇಳೋಣ: ‘ಬಾ ತಂಗಿ, ಬರ್ತದ.’