ಗಾಯದ ದುಡ್ಡಿಗೆ ಮೊದಲ ಕೈ

"ಜೀವ ಉಳಿಸಿದ ಆಸ್ಪತ್ರೆ ಪರಿಹಾರದ ಹಣದಲ್ಲಿ ತನ್ನ ಬಾಕಿ ಕೇಳಿದರೆ ತಪ್ಪೇನು?" ಅಮೆರಿಕದ ಹಾಸ್ಪಿಟಲ್ ಲೀನ್ ಕಾನೂನುಗಳ ಮಾತು ಬಂದಾಗ ಎದುರಾಗುವ ಪ್ರಶ್ನೆ ಇದು. ಕೇಳಲು ನ್ಯಾಯವಾಗಿಯೇ ಇದೆ. ಎಫ್‌ಡಿ ಮೇಲೆ ಸಾಲ ತೆಗೆದವರಿಗೆ ಲೀನ್ ಹೊಸದಲ್ಲ: ಸಾಲ ತೀರುವ ತನಕ ಆ ದುಡ್ಡಿನ ಮೇಲೆ ಬ್ಯಾಂಕಿನ ಹಿಡಿತ. ಆದರೆ ಬ್ಯಾಂಕಿಗೆ ನಾವು ಸಹಿ ಹಾಕಿ ಕೊಟ್ಟಿರುತ್ತೇವೆ. ಟೆಕ್ಸಸ್‌ನಲ್ಲಿ ಅಪಘಾತವಾದ 72 ಗಂಟೆಯೊಳಗೆ ಗಾಯಾಳು ದಾಖಲಾದರೆ ಸಾಕು, ಗುದ್ದಿದವನ ಕಡೆಯಿಂದ ಬರುವ ಪರಿಹಾರದ ಮೇಲೆ ಆಸ್ಪತ್ರೆ ಕೌಂಟಿ ಕಚೇರಿಯಲ್ಲಿ ನೋಟಿಸ್ ಸಲ್ಲಿಸಿ ಹಕ್ಕು ಕಾಯ್ದಿರಿಸಿಕೊಳ್ಳಬಹುದು. ರೋಗಿಯ ಒಪ್ಪಿಗೆ ಬೇಕಿಲ್ಲ.

ವಿಮೆಯೇ ಇಲ್ಲದವರ ವಿಷಯದಲ್ಲಿ ನನ್ನ ತಕರಾರಿಲ್ಲ. ಆಸ್ಪತ್ರೆಗೂ ದುಡ್ಡು ಎಲ್ಲಿಂದಲಾದರೂ ಬರಬೇಕು. ತಕರಾರು ಇರುವುದು ಆರೋಗ್ಯ ವಿಮೆಯ ಕಾರ್ಡು ಪರ್ಸಿನಲ್ಲಿದ್ದವರ ಮೇಲೂ ಲೀನ್ ಹೂಡುವುದಕ್ಕೆ. ವಿಮಾ ಕಂಪನಿಯೊಂದಿಗೆ ಆಸ್ಪತ್ರೆ ಒಪ್ಪಿಕೊಂಡ ದರ ಒಂದು, 'ಚಾರ್ಜ್‌ಮಾಸ್ಟರ್' ಎಂಬ ಪಟ್ಟಿಯ ದರ ಇನ್ನೊಂದು. ಪಟ್ಟಿಯ ದರ ಹಲವು ಪಟ್ಟು ಹೆಚ್ಚಿರುವುದುಂಟು. ಕಂಪನಿಗೆ ಬಿಲ್ ಕಳಿಸಿದರೆ ಸಿಗುವುದು ಒಪ್ಪಂದದ ದರ. ಕಳಿಸದೆ ಪರಿಹಾರದ ಹಣ ಹಿಡಿದರೆ ಪಟ್ಟಿಯ ದರವನ್ನೇ ಕೇಳಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ಟೆಕ್ಸಸ್‌ನಲ್ಲಿ ವಾಹನ ವಿಮೆ ಒಬ್ಬ ಗಾಯಾಳುವಿಗೆ ಕನಿಷ್ಠ 30,000 ಡಾಲರ್ ಭರಿಸಬೇಕು. ಗುದ್ದಿದವನ ವಿಮೆ ಅಷ್ಟೇ ಎನ್ನಿ. ಮೂರನೇ ಒಂದು ಪಾಲು ವಕೀಲರಿಗೆ ಹೋಗಿ ಉಳಿದದ್ದು 20,000. ಟೆಕ್ಸಸ್‌ನಲ್ಲಿ ಆಸ್ಪತ್ರೆಯ ಲೀನ್ ಪರಿಹಾರದ ಅರ್ಧ ಮೀರುವಂತಿಲ್ಲ; ಆದರೂ ಪಟ್ಟಿಯ ದರದಲ್ಲಿ ಬಿಲ್ 28,000 ಆಗಿದ್ದರೆ 15,000 ಆಸ್ಪತ್ರೆಗೆ, ಗಾಯಾಳುವಿಗೆ ಬರೀ 5,000. ಅದೇ ಚಿಕಿತ್ಸೆಗೆ ಒಪ್ಪಂದದ ದರ 9,000 ಎಂದಿಟ್ಟುಕೊಳ್ಳಿ. ಆರೋಗ್ಯ ವಿಮಾ ಕಂಪನಿ ಆ ಖರ್ಚನ್ನು ಪೂರ್ತಿ ವಾಪಸ್ ಕೇಳಿದರೂ ಗಾಯಾಳುವಿನ ಕೈಯಲ್ಲಿ 11,000 ಉಳಿಯುತ್ತದೆ. ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾಗದವರಿಗೆ ಅದು ಮನೆ ಬಾಡಿಗೆ, ಮಕ್ಕಳ ಊಟ. ಪರಿಹಾರ ಎಂಬುದು ಬರೀ ಔಷಧಿಯ ಖರ್ಚಲ್ಲ. ಕಳೆದ ಸಂಬಳ, ಉಳಿದ ನೋವು, ಎಲ್ಲವೂ ಅದರಲ್ಲಿ ಸೇರಿವೆ.

ಲೀನ್ ಇಲ್ಲದಿದ್ದರೆ ಆಸ್ಪತ್ರೆಗಳು ಗಾಯಾಳುಗಳನ್ನು ಬಾಗಿಲಲ್ಲೇ ತಡೆಯುತ್ತವೆ ಎನ್ನುವವರಿದ್ದಾರೆ. ಆದರೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಹಣ ಪಡೆಯುವ ಆಸ್ಪತ್ರೆಯ ತುರ್ತು ವಿಭಾಗ ದುಡ್ಡಿನ ಮಾತಿಲ್ಲದೆ ಪರೀಕ್ಷಿಸಿ ಅಪಾಯ ತಪ್ಪಿಸಲೇಬೇಕೆಂದು 1986ರ ಒಕ್ಕೂಟ ಕಾನೂನು ಹೇಳುತ್ತದೆ. ಬಾಗಿಲು ತೆರೆಸಿದ್ದು ಆ ಕಾನೂನು.

ನ್ಯಾಯಾಲಯಗಳು ಸುಮ್ಮನೆ ಕೂತಿಲ್ಲ. ವಿಮಾ ಕಂಪನಿ ಕೊಟ್ಟಿದ್ದನ್ನು ಪೂರ್ಣ ಪಾವತಿಯೆಂದು ಒಪ್ಪಿದ ಮೇಲೆ ರೋಗಿಯ ಸಾಲವೇ ಉಳಿಯುವುದಿಲ್ಲ, ಸಾಲವಿಲ್ಲದೆ ಲೀನೂ ಇಲ್ಲ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಬಿಲ್ ನ್ಯಾಯವೇ ಎಂದು ತೂಗಲು ವಿಮಾ ಕಂಪನಿಗಳಿಗೆ ಕೊಡುವ ದರವೂ ಮುಖ್ಯವೆಂದು 2018ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಒಪ್ಪಿತು. ಒಳ್ಳೆಯ ತೀರ್ಪುಗಳೇ. ಆದರೆ ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದವರು ದರಪಟ್ಟಿ ತರಿಸಿ ವಾದಿಸಬೇಕೆ? ಇಲಿನಾಯ್‌ನಲ್ಲಿ ಲೀನ್‌ಗಳೆಲ್ಲ ಸೇರಿ ಪರಿಹಾರದ ಶೇ. 40 ಮೀರುವಂತಿಲ್ಲ. ಅದೂ ನೆರವೇ, ಆದರೆ ಆ ಮಿತಿ ಪಾಲನ್ನು ತಗ್ಗಿಸುತ್ತದೆ, ಬಿಲ್ಲಿನ ದರವನ್ನು ಮುಟ್ಟುವುದಿಲ್ಲ.

ಕಾನೂನು ಒಂದು ಸಾಲು ಸೇರಿಸಿಕೊಂಡರೆ ಸಾಕು: ರೋಗಿಗೆ ಆರೋಗ್ಯ ವಿಮೆ ಇದ್ದರೆ ಬಿಲ್ ಮೊದಲು ಅಲ್ಲಿಗೇ ಹೋಗಬೇಕು. ಆ ಸಾಲು ಬರುವ ತನಕ ಡಲ್ಲಾಸ್‌ನಲ್ಲೋ ಆಸ್ಟಿನ್‌ನಲ್ಲೋ ಇರುವ ನಮ್ಮ ಹುಡುಗರು ಅಪಘಾತವಾದರೆ ಕಾರ್ಡು ತೋರಿಸಿ, ವಿಮಾ ಕಂಪನಿಗೇ ಬಿಲ್ ಕಳಿಸಿ ಎಂದು ಆಸ್ಪತ್ರೆಗೆ ಬರೆದುಕೊಡಲಿ. ಬರೆದುಕೊಟ್ಟ ಕಾಗದದ ಒಂದು ಪ್ರತಿ ತಮ್ಮ ಬಳಿಯೂ ಇರಲಿ.