ಸೌರಕೋಶದ ‘ಸ್ಥಿರತೆ’: ಒಂದು ಪದವಿಮರ್ಶೆ

ಶಾಸ್ತ್ರವಿಷಯವನ್ನು ದೇಶಭಾಷೆಯಲ್ಲಿ ನಿರೂಪಿಸುವಾಗ ಪದವು ಅರ್ಥಕ್ಕೆ ಕುಂದಾಗಿಯೂ ಇರಬಾರದು, ಅರ್ಥವನ್ನು ಮೀರಿಯೂ ಹರಡಬಾರದು. ಪೆರೊವ್‌ಸ್ಕೈಟ್ ಸೌರಕೋಶಗಳನ್ನು ಕುರಿತ ಕನ್ನಡ ಬರೆವಣಿಗೆಯಲ್ಲಿ ‘ದಕ್ಷತೆ’, ‘ಸ್ಥಿರತೆ’ ಎಂಬೆರಡು ಪದಗಳು ಯಮಳಗಳಂತೆ ಬರುತ್ತಿರುವುವು. ಮೊದಲನೆಯದು ಸಾಧುವಾದುದು, ಎರಡನೆಯದರ ಮೇಲೆ ಅದು ಹೊರಲಾರದ ಭಾರವನ್ನು ಹೊರಿಸಲಾಗಿದೆ.

ಪೆರೊವ್‌ಸ್ಕೈಟ್ ಎಂಬ ಹೆಸರನ್ನು ಭಾಷಾಂತರಿಸಬೇಕಾಗಿಲ್ಲ. 1839ರಲ್ಲಿ ಗುಸ್ಟಾವ್ ರೋಸನು ಉರಲ್ ಪರ್ವತದ ಖನಿಜವೊಂದಕ್ಕೆ ರಷ್ಯದ ಪೆರೊವ್‌ಸ್ಕಿಯ ಹೆಸರನ್ನಿಟ್ಟನು. ಅದು ಕ್ಯಾಲ್ಸಿಯಂ, ಟೈಟಾನಿಯಂಗಳ ಆಕ್ಸೈಡು. ಸೌರಕೋಶದಲ್ಲಿ ಬೆಳಕನ್ನು ಹೀರುವ ಪದರದಲ್ಲಿಯಾದರೋ ಸೀಸ, ಅಯೊಡೀನು ಮೊದಲಾದುವು ಅದೇ ಸ್ಫಟಿಕರಚನೆಯಲ್ಲಿ ನೆಲಸಿರುವುವು. ಆದುದರಿಂದ ಇದು ಯೌಗಿಕವಲ್ಲ, ರೂಢನಾಮ, ಹಾಗೆಯೇ ಉಳಿಯತಕ್ಕದ್ದು.

ದಕ್ಷ ಧಾತುವಿಗೆ ವೃದ್ಧಿ, ಶೀಘ್ರತೆ ಎಂಬ ಅರ್ಥಗಳುಂಟು. ಬಿದ್ದ ಬೆಳಕಿನಲ್ಲಿ ವಿದ್ಯುತ್ತಾಗುವ ಅಂಶವು 2009ರಲ್ಲಿ ಜಪಾನಿನ ಮಿಯಾಸಾಕ ಅವರ ತಂಡದ ಪ್ರಯೋಗದಲ್ಲಿ ನೂರಕ್ಕೆ 3.8 ಆಗಿದ್ದುದು ಹದಿನೈದು ವರ್ಷಗಳೊಳಗಾಗಿ 26ನ್ನು ಮೀರಿತು. ಸಿಲಿಕಾನಿನ ಮೇಲೆ ಪದರವಾಗಿ ಕೂಡಿಸಿದಾಗ 2024ರಲ್ಲಿ 34ನ್ನೂ ಮೀರಿತು. ಬೆಳೆವಣಿಗೆಯೂ ವೇಗವೂ ಇಲ್ಲಿ ಧಾತ್ವರ್ಥಕ್ಕೆ ಒಪ್ಪುವುವು.

ಸ್ಥಾ ಧಾತುವಿಗೆ ಗತಿನಿವೃತ್ತಿಯೆಂದರ್ಥ. ಬೆಳಕು, ಶಾಖಗಳಿಂದ ಸ್ಫಟಿಕದೊಳಗಿನ ಅಯೊಡೈಡ್ ಅಯಾನುಗಳು ಚಲಿಸಿ ಲೋಹದ ವಿದ್ಯುದ್ವಾರವನ್ನು ತಿನ್ನುವುವು. ತೇವ ತಗುಲಿದರೆ ಕಪ್ಪು ಪದರವು ಒಡೆದು ಹಳದಿಯ ಸೀಸದ ಅಯೊಡೈಡು ಉಳಿಯುವುದು. ಸೀಸಿಯಂ ಬೆರಸಿ ರಚನೆಯನ್ನು ಬಿಗಿಗೊಳಿಸುವುದು, ಮೇಲ್ಮೈಯ ಲೋಪಗಳನ್ನು ಮುಚ್ಚುವುದು, ಇವು ನಿಜವಾಗಿಯೂ ಸ್ಥಿರತೆಯ ಉಪಾಯಗಳು. ಆದರೆ ಗಾಜಿನ ಅಂಚಿನ ಬೆಸುಗೆ ಸಡಿಲಿ ತೇವವು ಒಳಹೊಕ್ಕರೆ ಅದು ಹೊದಿಕೆಯ ದೋಷವೇ ಹೊರತು ಸ್ಫಟಿಕದ ದೋಷವಲ್ಲ. ಹಗಲು ಕುಂದಿದ ಕೋಶವು ರಾತ್ರಿ ಕೊಂಚ ಚೇತರಿಸಿಕೊಳ್ಳುವುದೂ ಉಂಟು. ಅದನ್ನು ಸ್ಥಿರವೆನ್ನಬೇಕೆ, ಅಸ್ಥಿರವೆನ್ನಬೇಕೆ?

ಇದಲ್ಲದೆ ‘ಸ್ಥಿರತೆ ಹೆಚ್ಚಿತು’ ಎಂಬುದು ಆಕಾಂಕ್ಷೆ ತೀರದ ವಾಕ್ಯ. ಎಷ್ಟು ಕಾಲ? ಯಾವ ಶಾಖದಲ್ಲಿ? ಎಷ್ಟು ತೇವದಲ್ಲಿ? ಸಿಲಿಕಾನು ಫಲಕಗಳನ್ನು 85 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ನೂರಕ್ಕೆ 85ರ ಆರ್ದ್ರತೆಯಲ್ಲಿಯೂ 1000 ಗಂಟೆ ಇರಿಸಿ ಪರೀಕ್ಷಿಸುವರು. 2020ರಲ್ಲಿ ಅನೇಕ ದೇಶಗಳ ವಿಜ್ಞಾನಿಗಳು ಪೆರೊವ್‌ಸ್ಕೈಟ್ ಕೋಶಗಳ ಪರೀಕ್ಷಾಫಲಗಳನ್ನು ವರದಿಮಾಡುವ ಕ್ರಮವನ್ನು ಕೂಡಿ ನಿರ್ಣಯಿಸಿದರು. ಕನ್ನಡ ಲೇಖಕರು ಆ ಉಪಾಧಿಗಳನ್ನು ಬಿಟ್ಟು ಗುಣವನ್ನು ಮಾತ್ರ ಹೇಳುವುದು ಯುಕ್ತವಲ್ಲ.

ಫಲಕವು ವರ್ಷಗಟ್ಟಲೆ ತಾಳಿ ಕೆಲಸಮಾಡುವ ಗುಣಕ್ಕೆ ಅಚ್ಚಗನ್ನಡದಲ್ಲಿ ‘ಬಾಳಿಕೆ’ ಎಂಬ ಪದ ಸಿದ್ಧವಾಗಿದೆ. ಅದು ಗ್ರಾಮ್ಯವೆಂಬ ಪೂರ್ವಪಕ್ಷವು ನಿಲ್ಲದು. ಹಂದನಕೆರೆ, ತಿಪಟೂರು, ತುರುವೇಕೆರೆಗಳ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷವಿರಿಸಿ ಉಂಡೆಕೊಬ್ಬರಿ ಮಾಡುವರು. ಕಾಯಿಯನ್ನು ಕಿತ್ತ ದಿನವೇ ಕೊಬ್ಬರಿಯ ಗುಣವನ್ನು ನಿರ್ಣಯಿಸುವವರಿಲ್ಲ. ಸಾಲಮಾಡಿ ತೋಟದ ಪಂಪಿಗೆ ಫಲಕ ಕೊಳ್ಳುವವನು ಕೇಳುವುದು ಹತ್ತನೆಯ ಬೇಸಗೆಯಲ್ಲಿ ಎಷ್ಟು ಉಳಿದೀತೆಂಬುದನ್ನು. ಫಲಕ ಒಡೆದರೆ ಸೀಸವು ಬಾವಿಯ ಪಾತ್ರಕ್ಕೆ ಇಳಿದೀತೆ ಎಂಬುದನ್ನು. ಸಿಲಿಕಾನು ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷದ ಭರವಸೆ ಕೊಡುವರು. ಅಂಗುಲದಷ್ಟು ಅಗಲವೂ ಇಲ್ಲದ ಪ್ರಯೋಗಕೋಶದ ಅಂಕೆಯನ್ನೋದಿ ಅವನು ಮೋಸಹೋದರೆ ಅದರಲ್ಲಿ ಭಾಷೆಯ ಪಾಲೂ ಇರುವುದು.

ಆದುದರಿಂದ ಬೆಳಕಿಗೂ ವಿದ್ಯುತ್ತಿಗೂ ಇರುವ ಪ್ರಮಾಣಕ್ಕೆ ದಕ್ಷತೆ, ಸ್ಫಟಿಕದ ಗುಣಕ್ಕೆ ಸ್ಥಿರತೆ, ಸಮಗ್ರ ಫಲಕದ ಆಯುಸ್ಸಿಗೆ ಬಾಳಿಕೆ ಎಂಬ ಪದವ್ಯವಸ್ಥೆಯು ಗ್ರಾಹ್ಯವಾಗಿದೆ.