ಸಿಲ್ಕ್ ಬೋರ್ಡ್‌ನಲ್ಲಿ ಆನೆ

ಪ್ರತಿ ಕುಟುಂಬದಲ್ಲೂ ಬುರುಡೆ ಬಿಡುವವರು ಒಬ್ಬರಾದರೂ ಇರ್ತಾರೆ. ಮದುವೆಮನೆಯಲ್ಲಿ ಊಟ ಆದ ಮೇಲೆ ಅವರ ಸುತ್ತ ಕುರ್ಚಿಗಳು ಸೇರಿಕೊಳ್ಳುತ್ತವೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗ್ತಾರೆ. ನಗದೇ ಇರುವವನು ಒಬ್ಬನೇ. ಅದೇ ಕಥೆಯನ್ನು ನೂರನೇ ಸಲ ಕೇಳುತ್ತಿರುವ ಅವರ ಮಗ.

ಟಿಮ್ ಬರ್ಟನ್‌ನ ‘ಬಿಗ್ ಫಿಶ್’ (2003) ಹುಟ್ಟೋದು ಈ ನಗದ ಮಗನಿಂದ. ಅಲಬಾಮದ ಎಡ್ವರ್ಡ್ ಬ್ಲೂಮ್, ಮಗನ ಮದುವೆಯ ಔತಣದಲ್ಲೂ ತನ್ನ ಹಳೇ ಕಥೆಯನ್ನೇ ತೆಗೀತಾನೆ. ಮಗ ಹುಟ್ಟಿದ ದಿನ ತಾನು ಮದುವೆಯ ಉಂಗುರವನ್ನೇ ಗಾಳಕ್ಕೆ ಕಟ್ಟಿ, ಯಾರ ಕೈಗೂ ಸಿಗದ ಮೀನು ಹಿಡಿದ ಕಥೆ. ಮಗ ವಿಲ್ ಎದ್ದು ಹೊರಗೆ ಹೋಗ್ತಾನೆ. ಆಮೇಲೆ ಮೂರು ವರ್ಷ ಅಪ್ಪ ಮಗನ ನಡುವೆ ನೇರ ಮಾತಿಲ್ಲ, ಏನಿದ್ದರೂ ಅಮ್ಮನ ಮೂಲಕ. ಕೊನೆಗೆ ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾನೆ ಅಂತ ಗೊತ್ತಾದಾಗ, ಪ್ಯಾರಿಸ್‌ನಲ್ಲಿ ಪತ್ರಕರ್ತನಾಗಿರುವ ವಿಲ್ ಬಸುರಿ ಹೆಂಡತಿಯ ಜೊತೆ ಊರಿಗೆ ಬರ್ತಾನೆ. ತಾನು ಅಪ್ಪನಾಗುವ ಮೊದಲು ತನ್ನಪ್ಪ ನಿಜವಾಗಿ ಯಾರು ಅನ್ನೋದು ಅವನಿಗೆ ಗೊತ್ತಾಗಬೇಕು.

ಕಾಲೇಜಿನಲ್ಲಿದ್ದಾಗ ಇದನ್ನು ಮೊದಲ ಸಲ ನೋಡಿದ್ದು. ಹಾಸ್ಟೆಲ್ ರೂಮು, ಒಂದು ಲ್ಯಾಪ್‌ಟಾಪ್, ಆರು ತಲೆ. ಸಿನಿಮಾ ಮುಗಿದಾಗ ಐದು ಜನ ಅಪ್ಪನ ಪಾರ್ಟಿ. ನಾನೊಬ್ಬ ಮಗನ ಪಾರ್ಟಿ. ‘ನಿನಗೆ ಕಲ್ಪನೆಯೇ ಇಲ್ಲ ಮಾರಾಯ’ ಅಂತ ಬೈಸಿಕೊಂಡೆ.

ಆ ಐವರದ್ದು ಪೂರ್ತಿ ತಪ್ಪಲ್ಲ. ಬರ್ಟನ್ ಮಾಡಿದ ವ್ಯವಸ್ಥೆಯೇ ಹಾಗಿದೆ. ಅಪ್ಪನ ಕಥೆಗಳಲ್ಲಿ ಎಷ್ಟೊಂದು ಬಣ್ಣ! ಸರ್ಕಸ್ಸಿನಲ್ಲಿ ಹುಡುಗಿಯನ್ನು ಕಂಡ ಕ್ಷಣ ಕಾಲ ನಿಂತುಹೋಗುತ್ತೆ, ಗಾಳಿಯಲ್ಲೇ ನಿಂತ ಪಾಪ್‌ಕಾರ್ನ್ ಕಾಳುಗಳನ್ನು ಕೈಯಿಂದ ಸರಿಸಿಕೊಂಡು ಇವನು ಅವಳ ಕಡೆ ನಡೀತಾನೆ. ಅವಳ ಕಿಟಕಿಯ ಕೆಳಗೆ ಹೊಲದಗಲ ಹಳದಿ ಡ್ಯಾಫೊಡಿಲ್ ಹೂಗಳು. ಮಗನ ಪಾಲಿಗೆ ಬಂದಿರೋದು ಮಾತ್ರ ಮಂಕು ಬೆಳಕಿನ ಮನೆ, ಔಷಧಿ ಬಾಟಲಿ, ಹಳೇ ಕಾಗದ ತುಂಬಿದ ಗ್ಯಾರೇಜು. ಇಂಥ ಚುನಾವಣೆಯಲ್ಲಿ ಸತ್ಯಕ್ಕೆ ಠೇವಣಿ ಕೂಡ ವಾಪಸ್ ಬರಲ್ಲ.

ಆದರೆ ಒಂದು ಪುಟ್ಟ ದೃಶ್ಯವಿದೆ. ಆಸ್ಪತ್ರೆಯಲ್ಲಿ ಮನೆಯ ಹಳೇ ಡಾಕ್ಟರು ವಿಲ್‌ಗೆ ಅವನು ಹುಟ್ಟಿದ ದಿನದ ನಿಜ ಹೇಳ್ತಾರೆ. ಒಂದು ವಾರ ಮುಂಚೆ ಹೆರಿಗೆ ಆಯ್ತು, ತೊಂದರೆ ಏನಿರಲಿಲ್ಲ, ನಿಮ್ಮಪ್ಪ ವ್ಯಾಪಾರದ ಮೇಲೆ ವಿಚಿಟಾದಲ್ಲಿದ್ದರು. ಅಷ್ಟೇ. ಮೀನಿಲ್ಲ, ಉಂಗುರವಿಲ್ಲ. ಎರಡರಲ್ಲಿ ಒಂದನ್ನು ಆರಿಸು ಅಂದರೆ ತಾನೂ ಮೀನಿನ ಕಥೆಯನ್ನೇ ಆರಿಸಬಹುದು ಅನ್ನೋ ಅರ್ಥದ ಮಾತನ್ನೂ ಡಾಕ್ಟರು ಸೇರಿಸ್ತಾರೆ. ಹೆಚ್ಚಿನವರಿಗೆ ನೆನಪಿರೋದು ಅದು. ನನಗೆ ನೆನಪಿರೋದು ವಿಚಿಟಾ. ಅಪ್ಪ ಊರೂರು ಅಲೆಯುವ ಸೇಲ್ಸ್‌ಮನ್, ಬೇಕಾದಾಗ ಮನೆಯಲ್ಲಿಲ್ಲ. ಆ ಮೀನು ಈಜ್ತಾ ಇರೋದು ಅವನಿಲ್ಲದ ಖಾಲಿ ಜಾಗದಲ್ಲಿ.

ಮೊನ್ನೆ ಮತ್ತೆ ನೋಡಿದೆ. ಈಗ ನನಗೊಬ್ಬಳು ಐದು ವರ್ಷದ ಮಗಳಿದ್ದಾಳೆ. ಹೋದ ತಿಂಗಳು ಅವಳ ಸ್ಕೂಲ್ ಡೇ ದಿನ ಕ್ಲೈಂಟ್ ಕಾಲ್ ಮುಗಿಯಲೇ ಇಲ್ಲ, ನಾನು ತಲುಪುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿದ್ದರು. ‘ಸಿಲ್ಕ್ ಬೋರ್ಡ್‌ನಲ್ಲಿ ಆನೆ ಅಡ್ಡ ಬಂದಿತ್ತು ಪುಟ್ಟಿ’ ಅಂದೆ. ಅವಳ ಕಣ್ಣು ಅರಳಿತು. ಕ್ಷಮೆ ಕೇಳುವುದಕ್ಕಿಂತ ಎಷ್ಟು ಸಲೀಸು! ಹಾಗಾಗಿ ಈ ಸಲ ಎಡ್ವರ್ಡ್ ಮೇಲೆ ಸಿಟ್ಟು ಬರಲಿಲ್ಲ, ಗುರುತು ಸಿಕ್ಕಿತು.

ಹಾಗಂತ ಸಿನಿಮಾವನ್ನು ಪೂರ್ತಿ ಮಾಫಿ ಮಾಡೋಕಾಗಲ್ಲ. ಸ್ಯಾಂಡ್ರಾಗೆ ಆಗಲೇ ಬೇರೆಯವನ ಜೊತೆ ನಿಶ್ಚಿತಾರ್ಥ ಆಗಿದೆ. ಅವಳು ಬೇಡ ಅಂದರೂ ಎಡ್ವರ್ಡ್ ಬಿಡಲ್ಲ. ಅದನ್ನು ಹೂವಿನ ಹೊಲದಲ್ಲಿ ನಿಲ್ಲಿಸಿ ತೋರಿಸಿದರೆ ಪ್ರೇಮ, ಅವಳ ಹಾಸ್ಟೆಲ್ ಗೇಟಿನ ಮುಂದೆ ನಿಂತು ನೋಡಿದರೆ ಬೇರೇನೋ. ಗಂಡ ಊರು ಸುತ್ತುವಾಗ ಮಗುವನ್ನು ಬೆಳೆಸಿದ ಅವಳಿಗೆ ತನ್ನದೇ ಆದ ಒಂದು ಕಥೆಯೂ ಇಲ್ಲ. ಜೆಸ್ಸಿಕಾ ಲ್ಯಾಂಗ್ ಅಂಥ ನಟಿಯನ್ನು ಕರೆತಂದು, ಸ್ನಾನದ ತೊಟ್ಟಿಯಲ್ಲಿ ಗಂಡನನ್ನು ಅಪ್ಪಿಕೊಳ್ಳುವ ಒಂದು ಅದ್ಭುತ ನಿಮಿಷ ಕೊಟ್ಟು ಸುಮ್ಮನಾಗಿಬಿಟ್ಟಿದ್ದಾರೆ.

ಹಾಗಿದ್ದೂ ಕೊನೆ ನನ್ನನ್ನು ಗೆದ್ದಿತು. ಬರ್ಟನ್‌ನ ತಂದೆ ತೀರಿಕೊಂಡದ್ದು 2000ದಲ್ಲಿ, ತಾಯಿ 2002ರಲ್ಲಿ. ಆಸ್ಪತ್ರೆಯ ಆ ದೃಶ್ಯದಲ್ಲಿ ಬರ್ಟನ್ ತನ್ನ ಮಾಮೂಲಿ ವಿಚಿತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಸುಮ್ಮನೆ ಮಂಚದ ಹತ್ತಿರ ಕೂತಿದ್ದಾನೆ ಅನಿಸುತ್ತೆ. ಮಾತಾಡಲು ಕಷ್ಟಪಡುವ ಅಪ್ಪ (ಆಲ್ಬರ್ಟ್ ಫಿನ್ನಿ), ತನ್ನ ಸಾವು ಹೇಗಾಗುತ್ತೆ ಅಂತ ಹೇಳು ಅಂತಾನೆ. ಆ ಕಥೆ ನೀನು ನನಗೆ ಹೇಳಿಯೇ ಇಲ್ಲವಲ್ಲ ಅಂತ ತಡವರಿಸುವ ಮಗ (ಬಿಲಿ ಕ್ರುಡಪ್) ಶುರು ಮಾಡ್ತಾನೆ. ಇಬ್ಬರೂ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಹೋಗ್ತಾರೆ, ನದಿ ದಂಡೆಯಲ್ಲಿ ಅಪ್ಪನ ಕಥೆಗಳ ಜನರೆಲ್ಲ ಕಾಯ್ತಿದ್ದಾರೆ, ಮಗ ಅಪ್ಪನನ್ನು ಎತ್ತಿಕೊಂಡು ನೀರಿಗಿಳೀತಾನೆ, ಅಪ್ಪ ಮೀನಾಗಿ ಈಜಿ ಹೋಗ್ತಾನೆ.

ಇದನ್ನು ಕಲ್ಪನೆಯ ಗೆಲುವು ಅಂತ ಎಲ್ಲರೂ ಹೇಳ್ತಾರೆ. ನನಗೆ ಕಂಡದ್ದು ಬೇರೆ. ಅಲ್ಲಿಯವರೆಗೆ ಮಗನ ಮದುವೆಯಲ್ಲೂ ಮೈಕು ಬಿಡದ ಅಪ್ಪ ಮೊದಲ ಸಲ ಕೇಳಿಸಿಕೊಳ್ತಾನೆ. ಅವರಿಬ್ಬರ ಜಗಳ ಸತ್ಯ–ಸುಳ್ಳಿನದ್ದು ಅಂದುಕೊಂಡಿದ್ದೆವು. ಅದು ಸರದಿಯ ಜಗಳ. ಮಗನ ಸರದಿ ಬರೋಕೆ ಅಪ್ಪನ ಕೊನೇ ಗಂಟೆಯೇ ಬೇಕಾಯ್ತು ಅನ್ನೋದು ಸಂಕಟ.

ಅಂತ್ಯಕ್ರಿಯೆಯ ದೃಶ್ಯವೂ ಮೊದಲು ನನಗೆ ರಸೀದಿ ತೋರಿಸಿದ ಹಾಗೆ ಕಂಡಿತ್ತು. ಕಥೆಯ ಜನ ನಿಜವಾಗಿ ಬರ್ತಾರೆ. ದೈತ್ಯ ಕಾರ್ಲ್ ಬಹಳ ಎತ್ತರದ ಮನುಷ್ಯ ಅಷ್ಟೇ. ಒಂದೇ ದೇಹದ ಅವಳಿ ಗಾಯಕಿಯರು ಬೇರೆ ಬೇರೆ ದೇಹದ ಅಕ್ಕತಂಗಿಯರು. ಅಪ್ಪ ಅಷ್ಟೂ ವರ್ಷ ತನ್ನನ್ನೇ ಹೊಗಳಿಕೊಳ್ತಿದ್ದ ಅಂದುಕೊಂಡಿದ್ದ ವಿಲ್‌ಗೆ, ಅವನು ಸಿಕ್ಕಿದವರನ್ನೆಲ್ಲ ಎರಡು ಅಳತೆ ದೊಡ್ಡದು ಮಾಡಿದ್ದಾನೆ ಅನ್ನೋದು ಅಲ್ಲಿ ಕಾಣಿಸುತ್ತೆ. ಮಗ ಕೇಳಿದ್ದ ಲೆಕ್ಕ ಸಿಕ್ಕಿತು, ಲೆಕ್ಕ ಕೊಡಬೇಕಾದವನು ಹೋದ ಮೇಲೆ.

ಸಿನಿಮಾ ನೋಡಿದ ಮಾರನೇ ದಿನ ಮಗಳನ್ನು ಕೂರಿಸಿಕೊಂಡು ನಿಜ ಹೇಳಿದೆ. ಆನೆ ಇರಲಿಲ್ಲ, ಅಪ್ಪ ಆಫೀಸಲ್ಲಿದ್ದ, ತಪ್ಪಾಯ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ನನಗೆ ಗೊತ್ತಿತ್ತು. ಆನೆ ಸ್ಕೂಲಿಗೆ ಬಂದಿತ್ತಲ್ಲ, ನನ್ನ ಡ್ಯಾನ್ಸ್ ನೋಡೋಕೆ’ ಅಂದಳು. ಎಲ್ಲಿ ಕೂತಿತ್ತು ಅಂತ ಕೇಳಿದೆ. ನನ್ನ ಕುರ್ಚಿ ಖಾಲಿ ಇತ್ತಂತೆ.